ಸೋದರಮಾವನೂ ಇಂಗಿನ ಡಬ್ಬಿಯೂ

ನಮ್ಮ ಕಡೆ ತಂಗಿಗೆ ಮಕ್ಕಳಾದವೆಂದರೆ ಅಣ್ಣನಾದವನಿಗೆ ಕೆಲಸ ಹತ್ತಿತೆಂದೇ ಲೆಕ್ಕ. ಕಿವಿ ಚುಚ್ಚಿಸುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಒದೆ ತಿನ್ನಬೇಕು. ಮೊದಲ ಕೂದಲು ತೆಗೆಸುವಾಗಲೂ ಅದೇ ತೊಡೆ, ಅದೇ ಒದೆ. ಹುಡುಗಿ ದೊಡ್ಡವಳಾದಾಗ ಒಂದು ಸೀರೆ, ಮದುವೆಗೆ ಇನ್ನೊಂದು. ಅದರಲ್ಲೂ ತಂಗಿಯನ್ನು ಮೊಳಕಾಲ್ಮೂರಿಗೆ ಕೊಟ್ಟವರ ಪಾಡು ಹೇಳತೀರದು. ಮಗ್ಗದ ಸದ್ದಿಗೆ ಕಣ್ಣುಬಿಟ್ಟ ಊರು ಅದು. ಸೆರಗು ಮುಟ್ಟಿ ನೋಡಿ ಇದು ಯಾವ ರೇಷ್ಮೆ, ಎಷ್ಟರದು ಎಂದು ನಿಮಗಿಂತ ಮೊದಲು ಅವರೇ ಹೇಳಿಬಿಡುತ್ತಾರೆ. ಇಷ್ಟನ್ನೆಲ್ಲ ಹಿರಿಯರು ನನಗೆ ಹೇಳಿಕೊಟ್ಟಿದ್ದರು. ಮದುವೆ ಮನೆಗೆ ಹೋದ ಕೂಡಲೇ ಗಂಡು ಹೆಣ್ಣನ್ನೂ ನೋಡದೆ ನೆಟ್ಟಗೆ ಅಡುಗೆಯವರ ಬಳಿ ಹೋಗಿ, “ಸಾರಿಗೆ ಯಾವ ಇಂಗು ಹಾಕೀರಿ? ಡಬ್ಬಿ ತೋರಿಸ್ರಿ” ಎಂದು ಕೇಳುವುದೂ ಸೋದರಮಾವನ ಪಾಲಿಗೆ ಬರುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲೂಕಿನ ಅಡುಗೆ ಕಂಟ್ರಾಕ್ಟರುಗಳಲ್ಲಿ ನನ್ನ ಪರಿಚಯವಿಲ್ಲದವರು ಈಗ ಕಡಿಮೆ. ಹೊಸಬರಾದರೆ ಫುಡ್ ಇನ್ಸ್‌ಪೆಕ್ಟರ್ ಬಂದನೆಂದು ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಾರೆ. ಅಲ್ಲವೆಂದು ಗೊತ್ತಾದ ಮೇಲೆ ಮತ್ತೆ ಕೂತು ಈರುಳ್ಳಿ ಹೆಚ್ಚುತ್ತಾರೆ. ಒಬ್ಬರಂತೂ ನನ್ನನ್ನು ಬಹಳ ಹೊತ್ತು ನೋಡಿ, “ಯಜಮಾನ್ರು ಬ್ಯಾರೆ ಕಡೆ ಕಂಟ್ರಾಕ್ಟು ಹಿಡಿದೀರೇನು?” ಎಂದು ಕೇಳಿದ್ದರು. ಅವರ ಸಾರಿನ ಗುಟ್ಟು ಕದಿಯಲು ಬಂದೆನೆಂಬ ಗುಮಾನಿ. ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆದು ಬರೆದು ಕಣ್ಣು ಮಂಜಾದವನು ನಾನು. ಇಂಗಿನ ಡಬ್ಬಿಯ ಹಿಂದೆ ಇರುವೆ ಸಾಲಿನ ಅಕ್ಷರದಲ್ಲಿ ಅಚ್ಚು ಹಾಕಿರುವುದನ್ನು ಓದಲು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರೆ ಯಾರಿಗಾದರೂ ಅನುಮಾನ ಬರುವುದು ಸಹಜ.

ವಿಷಯ ಇಷ್ಟು. ತಂಗಿಯ ಮಗಳಿಗೆ ಸೀಲಿಯಾಕ್ ಎಂಬ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇರುತ್ತದೆ. ಚಪಾತಿ ಹಿಟ್ಟು ಎಳೆದರೆ ಹಿಗ್ಗುವುದು, ಬನ್ನು ಉಬ್ಬುವುದು ಅದರ ದೆಸೆಯಿಂದ. ಬಹುತೇಕ ಜನಕ್ಕೆ ಅದರಿಂದ ಯಾವ ತೊಂದರೆಯೂ ಇಲ್ಲ. ಕೆಲವರ ದೇಹ ಮಾತ್ರ ಅದನ್ನು ಶತ್ರುವೆಂದು ತಿಳಿದು ಹೊಡೆಯಲು ಕೈ ಎತ್ತುತ್ತದೆ. ಏಟು ಬೀಳುವುದು ತನ್ನದೇ ಸಣ್ಣ ಕರುಳಿನ ಮೇಲೆ. ಕರುಳಿನ ಒಳಮೈ ಹೊಸ ಚಳ್ಳಕೆರೆ ಕಂಬಳಿಯ ಹಾಗೆ ಜುಂಗು ಜುಂಗಾಗಿರುತ್ತದಂತೆ, ಉಂಡದ್ದರ ಸಾರ ಹೀರುವುದು ಆ ಜುಂಗೇ. ಈ ಕಾಯಿಲೆಯವರು ಗೋಧಿ ತಿನ್ನುತ್ತ ಹೋದರೆ ಅದು ಸವೆದು ಬೋಳಾಗುತ್ತದೆ. ಆಮೇಲೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಕೆಲವರಿಗೆ ಭೇದಿ, ಹೊಟ್ಟೆಯುಬ್ಬರ. ಕೆಲವರಿಗೆ ಬರೀ ರಕ್ತಹೀನತೆ, ಮೂಳೆ ಸವೆತ. ಮಕ್ಕಳಾದರೆ ಎತ್ತರ ನಿಂತುಹೋಗುವುದೂ ಉಂಟು. ಔಷಧಿ ಇಲ್ಲ. ಜೀವಮಾನವಿಡೀ ಆ ಮೂರು ಧಾನ್ಯಗಳನ್ನು ದೂರ ಇಡುವುದೇ ಔಷಧಿ. ರೈಯನ್ನು ನಮ್ಮ ಕಡೆ ಕಂಡವರೇ ಇಲ್ಲವಾದ್ದರಿಂದ ಅದೊಂದರ ಭಯವಿಲ್ಲ.

ಇದು ಗೊತ್ತಾಗುವ ಮೊದಲು ಆ ಮಗುವಿಗೆ ಮಾಡದ ಉಪಚಾರವಿಲ್ಲ. ದೃಷ್ಟಿ ತೆಗೆದೆವು. ಜಂತುಹುಳುವಿನ ಮಾತ್ರೆ ನುಂಗಿಸಿದೆವು. ಕಬ್ಬಿಣದ ಟಾನಿಕ್ಕು ಕುಡಿಸಿ ಕುಡಿಸಿ ಹಲ್ಲು ಕಪ್ಪಾದವು, ಮೈಗೆ ಮಾತ್ರ ರಕ್ತ ಬರಲಿಲ್ಲ. ನುಂಕೆಮಲೆ ಸಿದ್ದೇಶ್ವರನಿಗೆ ಹರಕೆ ಕಟ್ಟಿದ್ದಾಯಿತು. ಸೊರಗಿದ ಮಗುವನ್ನು ನೋಡಲು ಬಂದ ನೆಂಟರು ಬರಿಗೈಲಿ ಬರುವುದುಂಟೇ? ಒಬ್ಬರು ಬ್ರೆಡ್ಡು ತಂದರು, ಒಬ್ಬರು ಬನ್ನು ತಂದರು, ಸ್ಥಿತಿವಂತರು ಹಾರ್ಲಿಕ್ಸ್ ಬಾಟಲಿಯನ್ನೇ ತಂದರು. ಹಾರ್ಲಿಕ್ಸ್ ಎಂದರೆ ಗೋಧಿ ಮತ್ತು ಮೊಳಕೆ ಬರಿಸಿದ ಬಾರ್ಲಿ. ಮಗು ಸೊರಗಿದಷ್ಟೂ ಬ್ರೆಡ್ಡು ಬಂತು, ಬ್ರೆಡ್ಡು ಬಂದಷ್ಟೂ ಮಗು ಸೊರಗಿತು. ಪ್ರೀತಿಗೆ ಇಷ್ಟು ವಿಷ ತುಂಬಿಕೊಳ್ಳುವ ಶಕ್ತಿಯಿದೆ ಎಂದು ಯಾರಿಗೆ ಗೊತ್ತಿತ್ತು? ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಒಂದು ರಕ್ತ ಪರೀಕ್ಷೆ ಮಾಡಿಸಿ, ಬಾಯಿಂದ ಸಣ್ಣ ಕ್ಯಾಮೆರಾ ಇಳಿಸಿ ಕರುಳಿನ ಚೂರು ತೆಗೆದು ನೋಡಿ, ಇದು ಹೀಗೆ ಎಂದರು.

ಡಾಕ್ಟರು ಹೇಳಿದ ಒಂದು ಮಾತು ತಂಗಿಗೆ ಬಹಳ ನಾಟಿತು. “ನಿಮ್ಮ ಕಡೆ ಇದು ಅಪರೂಪ ಕಣಮ್ಮ. ಪಂಜಾಬಿನವರಲ್ಲಿ ನೋಡ್ತೀವಿ.” ತಂಗಿ ಊರಿಗೆ ಬಂದು ಹೇಳಿದ್ದು, “ಪಂಜಾಬಿನೋರ ಕಾಯಿಲೆ ನಮ್ಮ ಮಗೀಗೆ ಯಾಕೆ ಬಂತಣ್ಣ? ನಾವು ಯಾವತ್ತಾದ್ರೂ ಪಂಜಾಬಿಗೆ ಹೋಗಿದ್ವಾ?”

ನಾನು ಲೆಕ್ಕದವನಾದ್ದರಿಂದ ಲೆಕ್ಕ ಹುಡುಕಿದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ; ಉತ್ತರ, ಈಶಾನ್ಯ, ದಕ್ಷಿಣ ಮೂರೂ ಕಡೆಯ 23,331 ವಯಸ್ಕರ ರಕ್ತ ನೋಡಿದ ಅಧ್ಯಯನ. ಉತ್ತರದಲ್ಲಿ ಸಾವಿರಕ್ಕೆ ಎಂಟೂವರೆ ಮಂದಿಗೆ ಈ ಕಾಯಿಲೆ. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರು. ಅಲ್ಲಿಗೇ ನಿಲ್ಲಿಸಿದರೆ ಪಂಜಾಬಿನವರ ಕಾಯಿಲೆಯೆಂದೇ ಅನ್ನಿಸುತ್ತದೆ. ಆದರೆ ಅದರ ಮುಂದಿನ ಸಾಲುಗಳು ಕುತೂಹಲದವು. ಈ ಕಾಯಿಲೆಗೆ ಬೇಕಾದ ವಂಶವಾಹಿಗಳು ಉತ್ತರದವರಲ್ಲಿ ನೂರಕ್ಕೆ 38 ಜನರಲ್ಲಿದ್ದರೆ ದಕ್ಷಿಣದವರಲ್ಲಿ 36 ಜನರಲ್ಲಿ. ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಅವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಾರೆ, ನಾವು 25 ಗ್ರಾಂ. ಬೀಜ ನಮ್ಮಲ್ಲೂ ಬೇಕಾದಷ್ಟು ಬಿದ್ದಿದೆ, ಮಳೆಯೇ ಬಿದ್ದಿರಲಿಲ್ಲ. ಮಳೆ ಬೀಳದಿದ್ದುದಕ್ಕೆ ಸಂತೋಷಪಡುವ ಪ್ರಸಂಗ ಚಳ್ಳಕೆರೆಯವನಿಗೆ ಜೀವಮಾನದಲ್ಲಿ ಇದೊಂದೇ ಬಂದದ್ದು.

ಹತ್ತು ಸಾವಿರಕ್ಕೆ ಒಬ್ಬರೆಂದರೂ ನಮ್ಮ ಎರಡು ತಾಲೂಕು ಸೇರಿ ಐದು ಲಕ್ಷ ಜನ. ಐವತ್ತು ಮಂದಿಯಾದರೂ ಇರಬೇಕಾಯಿತು. ನಮಗೆ ಗೊತ್ತಿದ್ದದ್ದು ಒಬ್ಬಳು. ಉಳಿದವರು ಎಲ್ಲಿ ಕೂತು ಕಬ್ಬಿಣದ ಟಾನಿಕ್ಕು ಕುಡಿಯುತ್ತಿದ್ದಾರೋ ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಗೋಧಿಗೂ ಈ ಕಾಯಿಲೆಗೂ ಇರುವ ನಂಟು ಗೊತ್ತಾದ ಕಥೆ ವಿಚಿತ್ರವಾದದ್ದು. ಇದನ್ನು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಗೀ ಎಂಬ ಡಾಕ್ಟರು 1887ರಲ್ಲೇ ಚೆನ್ನಾಗಿ ವರ್ಣಿಸಿ, ವಾಸಿಯಾಗುವುದಿದ್ದರೆ ಪಥ್ಯದಿಂದಲೇ ಎಂದು ಹೇಳಿಬಿಟ್ಟಿದ್ದರು. ಯಾವ ಪಥ್ಯ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬುವರು ಬಾಳೆಹಣ್ಣಿನ ಪಥ್ಯ ಕಂಡುಹಿಡಿದರು. ಮಕ್ಕಳಿಗೆ ಬಾಳೆಹಣ್ಣಿನ ಮೇಲೆ ಬಾಳೆಹಣ್ಣು. ಮಕ್ಕಳು ಚೇತರಿಸಿಕೊಂಡರು, ಕೀರ್ತಿಯೆಲ್ಲ ಬಾಳೆಹಣ್ಣಿಗೆ ಹೋಯಿತು. ಹೊಟ್ಟೆ ತುಂಬ ಬಾಳೆಹಣ್ಣು ತಿಂದ ಮಗುವಿಗೆ ಬ್ರೆಡ್ಡು ತಿನ್ನಲು ಜಾಗ ಉಳಿಯಲಿಲ್ಲ ಎಂಬುದು ಆಗ ಯಾರ ತಲೆಗೂ ಹೋಗಲಿಲ್ಲ. ಆಮೇಲೆ ಹಾಲೆಂಡಿನಲ್ಲಿ ವಿಲೆಮ್ ಡಿಕೆ ಎಂಬ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಅನುಮಾನ ಬಂತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಭೀಕರ ಬರ ಬಿತ್ತು. ಬ್ರೆಡ್ಡೇ ಇಲ್ಲ. ಊರೆಲ್ಲ ಹಸಿವಿನಿಂದ ಕಂಗೆಟ್ಟಿರುವಾಗ ಡಿಕೆಯವರ ಈ ರೋಗಿಗಳು ಮಾತ್ರ ಸುಧಾರಿಸಿದರು. ಬರ ಮುಗಿದು ಬ್ರೆಡ್ಡು ಬಂದದ್ದೇ ತಡ, ಮತ್ತೆ ಮಲಗಿದರು. 1950ರಲ್ಲಿ ಡಿಕೆ ಇದನ್ನೆಲ್ಲ ಪ್ರಬಂಧವಾಗಿ ಬರೆದು ಮಂಡಿಸಿದರು.

ಅದೇ ಯುದ್ಧದಲ್ಲಿ ನಮ್ಮ ಕಡೆ ನಡೆದದ್ದು ತದ್ವಿರುದ್ಧ. ಬೆಂಗಳೂರಿನಲ್ಲಿ ಅಕ್ಕಿ ಸಿಗದೆ ಎಂಟಿಆರ್ ಹೋಟೆಲಿನವರು ಗೋಧಿ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಅವರೇ ಹೇಳಿಕೊಳ್ಳುತ್ತಾರೆ. ಅಲ್ಲಿ ಗೋಧಿ ಹೋಗಿ ಮಕ್ಕಳು ಬದುಕಿದರು. ಇಲ್ಲಿ ಅಕ್ಕಿ ಹೋಗಿ ಗೋಧಿ ಇಡ್ಲಿ ತಟ್ಟೆಯೊಳಕ್ಕೆ ನುಗ್ಗಿತು. ರವೆ ಇಡ್ಲಿಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಗೋಡಂಬಿ ಇಟ್ಟು ಕೊಟ್ಟರೆ ತಿನ್ನುತ್ತೇನೆ, ಸೋದರಸೊಸೆ ಎದುರಿಗಿಲ್ಲದಾಗ.

ಗೋಧಿ ನಮ್ಮ ಮನೆಗೆ ಬಂದ ದಾರಿಯನ್ನು ನಾನೇ ಕಂಡಿದ್ದೇನೆ. ಅವ್ವನ ಅಡುಗೆಮನೆಯಲ್ಲಿ ಅದಕ್ಕೆ ಡಬ್ಬಿಯೇ ಇರಲಿಲ್ಲ. ರಾಗಿ ಮುದ್ದೆ, ನವಣೆ ಅನ್ನ, ಸಾಮೆ ಅನ್ನ, ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಹುರುಳಿ ಸಾರು, ಶೇಂಗಾ ಚಟ್ನಿ. ಅಕ್ಕಿ ಅನ್ನ ಹಬ್ಬಕ್ಕೆ. ರಾಜ್ಯದಲ್ಲೇ ಮಳೆ ಕಡಿಮೆಯ ಸೀಮೆ ನಮ್ಮದು; ಇಲ್ಲಿ ಬೆಳೆಯುವುದು ಇವೇ. ಅವ್ವನ ಕಾಲದ ಮಾತು ಬಿಡಿ, ಇತಿಹಾಸ ಅಗೆಯುವವರು ಹೇಳುವುದೂ ಅದನ್ನೇ. ಮೊಳಕಾಲ್ಮೂರಿಗೆ ಆಚೆ ಬಳ್ಳಾರಿ ಮಗ್ಗುಲಿಗೆ ಸಂಗನಕಲ್ಲು ಗುಡ್ಡವಿದೆ. ಅಲ್ಲಿ ನಾಲ್ಕು ಸಾವಿರ ವರ್ಷದ ಹಿಂದಿನ ಒಲೆ ಬೂದಿಯಲ್ಲಿ ಸಿಕ್ಕ ಕಾಳುಗಳಲ್ಲಿ ಮುಖ್ಯವಾದವು ಕೊರಲೆ ಜಾತಿಯ ಕಿರುಧಾನ್ಯ, ಹುರುಳಿ, ಹೆಸರು. ಗೋಧಿ, ಬಾರ್ಲಿ ಆಮೇಲೆ ಹೊರಗಿನಿಂದ ಬಂದ ನೆಂಟರು. ನಮ್ಮ ಪೂರ್ವಿಕರ ಅಡುಗೆಮನೆಗೆ ಹೋಗಿದ್ದರೆ ಇಂಗಿನ ಡಬ್ಬಿ ತಿರುಗಿಸುವ ಕೆಲಸ ನನಗಿರುತ್ತಿರಲಿಲ್ಲ.

ನಾವು ಶಾಲೆಗೆ ಹೋಗುವಾಗ ಅಮೆರಿಕದ ಕೇರ್ ಸಂಸ್ಥೆಯಿಂದ ಬಂದ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಅದನ್ನು ತಿನ್ನಲೆಂದೇ ಹೋಗಿ ನಾಲ್ಕಕ್ಷರ ಕಲಿತವರು ನಾವು, ಅದರ ಋಣ ದೊಡ್ಡದು. ಆಮೇಲೆ ರೇಷನ್ ಅಂಗಡಿಯಲ್ಲಿ ಗೋಧಿ ಬಂತು. ಅವ್ವ ಅದನ್ನು ಏನು ಮಾಡಬೇಕೆಂದು ತಿಳಿಯದೆ ಹುಗ್ಗಿ ಮಾಡಿದಳು. ಊರಿಗೆ ಬೇಕರಿ ಬಂತು. ಸಕ್ಕರೆ ಕಾಯಿಲೆ ಬಂದು, “ರಾತ್ರಿ ಚಪಾತಿ ತಿನ್ರಿ” ಎಂಬ ಮಾತು ಮನೆಮನೆಗೂ ತಲುಪಿತು. ಒಬ್ಬರಿಗೆ ಹೇಳಿದ್ದನ್ನು ಮನೆಮಂದಿಯೆಲ್ಲ ಪಾಲಿಸಿದರು. ಈಗ ಮುದ್ದೆ ಉಣ್ಣುವ ಮಗುವನ್ನು ಹುಡುಕಬೇಕು. ಅತ್ತ ಬೆಂಗಳೂರಿನವರು ನವಣೆಯನ್ನು ಚಂದದ ಪ್ಯಾಕೆಟ್ಟಿನಲ್ಲಿ ಕೊಂಡು, ಸಿರಿಧಾನ್ಯ ಎಂದು ಕರೆದು, ಬೇಯಿಸುವುದು ಹೇಗೆಂದು ಮೊಬೈಲಿನಲ್ಲಿ ನೋಡುತ್ತಿದ್ದಾರೆ. 2023ನ್ನು ವಿಶ್ವಸಂಸ್ಥೆ ಕಿರುಧಾನ್ಯಗಳ ವರ್ಷವೆಂದೇ ಸಾರಿತ್ತು. ಅವ್ವ ಇದ್ದಿದ್ದರೆ, ಬಡತನಕ್ಕೂ ಒಂದು ವರ್ಷ ಬಂತೇ ಎಂದು ಕೇಳುತ್ತಿದ್ದಳು.

ಆದರೆ ಸಿರಿಧಾನ್ಯ ಎಂದು ಬರೆದಿದ್ದನ್ನೆಲ್ಲ ನಂಬಿ ಕೊಳ್ಳುವ ಹಾಗಿಲ್ಲ. ರಾಗಿ ಬಿಸ್ಕತ್ತಿನ ಪ್ಯಾಕೆಟ್ಟಿನ ಮುಂದೆ ರಾಗಿ ತೆನೆಯ ಚಿತ್ರ. ಹಿಂದೆ ತಿರುಗಿಸಿ ಓದಿದರೆ ಮೊದಲ ಹೆಸರು ಗೋಧಿ ಹಿಟ್ಟು ಅಥವಾ ಮೈದಾ. ರಾಗಿ ಶಾವಿಗೆಯಲ್ಲೂ ಎಳೆ ಮುರಿಯದಿರಲೆಂದು ಗೋಧಿ ಸೇರಿಸುವುದುಂಟು. ಹೋಟೆಲಿನ ಜೋಳದ ರೊಟ್ಟಿಗೆ ಬಡಿಯಲು ಸುಲಭವಾಗಲೆಂದು ಒಂದು ಹಿಡಿ ಗೋಧಿ. ದೋಸೆ ಗರಿಗರಿಯಾಗಲೆಂದು ಕೆಲವರು ಮೈದಾ. ನಮ್ಮ ಸೀಮೆಯ ಜೀವವಾದ ಮಂಡಕ್ಕಿ ಮೆಣಸಿನಕಾಯಿಯಲ್ಲಿ ಮಂಡಕ್ಕಿ ಅಕ್ಕಿಯದು, ಮೆಣಸಿನಕಾಯಿಗೆ ಅದ್ದುವುದು ಕಡ್ಲೆಹಿಟ್ಟು, ಕರಿಯುವುದು ಚಳ್ಳಕೆರೆಯ ಶೇಂಗಾ ಎಣ್ಣೆ. ಲೆಕ್ಕಕ್ಕೆ ಮೂರೂ ನಿರಪರಾಧಿಗಳು. ಆದರೆ ಅದೇ ಬಾಣಲೆಯಲ್ಲಿ ಐದು ನಿಮಿಷ ಮುಂಚೆ ಮೈದಾ ಬೋಂಡ ಮುಳುಗಿ ಎದ್ದಿದ್ದರೆ ಹುಡುಗಿಗೆ ಅದು ಸಲ್ಲದು. ಹಾಗಾಗಿ ನಾಯಕನಹಟ್ಟಿ ಜಾತ್ರೆಯಲ್ಲಿ ನಾವು ಮಾವ ಸೊಸೆ ಯಾವ ಗಾಡಿಯವನು ಬರೀ ಮೆಣಸಿನಕಾಯಿ ಕರಿಯುತ್ತಾನೆ ಎಂದು ಹುಡುಕಿಕೊಂಡು ತೇರಿಗಿಂತ ಹೆಚ್ಚು ದೂರ ನಡೆದಿದ್ದೇವೆ.

ಹಿಟ್ಟಿನ ಗಿರಣಿಯದು ಇನ್ನೊಂದು ಪ್ರಕರಣ. ಮನೆಯಲ್ಲಿ ರಾಗಿ ಹಸನು ಮಾಡಿ, ತೊಳೆದು, ಒಣಗಿಸಿ ಗಿರಣಿಗೆ ಒಯ್ದರೆ ಅಲ್ಲಿ ನಮ್ಮ ಮುಂದಿನವರು ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ. ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು ನಮ್ಮ ಡಬ್ಬಿಗೆ. ಮೊದಮೊದಲು ತಂಗಿ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಲ್ಲುತ್ತಿದ್ದಳು. ಮೊದಲು ಒಂದು ಸೇರು ಅಕ್ಕಿ ಬೀಸಿಸಿ, ಆ ಹಿಟ್ಟನ್ನು ಗಿರಣಿಯವನಿಗೇ ಬಿಟ್ಟು, ಆಮೇಲೆ ರಾಗಿ ಹಾಕಿಸುತ್ತಿದ್ದಳು. ಗಿರಣಿಯವನ ಹೆಂಡತಿಗೆ ಇದು ಯಾವುದೋ ಹರಕೆಯೆಂದು ಕಂಡಿತು. ಆ ಹಿಟ್ಟಿನಲ್ಲಿ ಅವರ ಮನೆಯಲ್ಲಿ ರೊಟ್ಟಿ ಚೆನ್ನಾಗಿ ಆಗುತ್ತಿದ್ದುದರಿಂದ ಅವರು ಹರಕೆಯ ಕಾರಣ ಕೇಳಲಿಲ್ಲ. ಈಗ ತಂಗಿ ಮನೆಯಲ್ಲೇ ಬೀಸುವ ಸಣ್ಣ ಮಿಷನ್ನು ಕೊಂಡಿದ್ದಾಳೆ. ಗಿರಣಿಯ ಮನೆಯವರಿಗೆ ಬೇಜಾರಾಗಿದೆ.

ಇನ್ನು ಇಂಗು. ಇಂಗು ಎಂಬುದು ಅಫಘಾನಿಸ್ತಾನ, ಇರಾನ್ ಕಡೆಯ ಒಂದು ಗಿಡದ ಅಂಟು. ಅಪ್ಪಟ ಇಂಗಿನ ಘಾಟು ತಡೆಯುವುದು ಯಾರಿಂದಲೂ ಆಗದು; ಅದಕ್ಕೇ ಗೋಂದು, ಹಿಟ್ಟು ಬೆರೆಸಿ ಪಳಗಿಸುತ್ತಾರೆ. ಆ ಹಿಟ್ಟು ಕೆಲವರಲ್ಲಿ ಅಕ್ಕಿಯದು, ಬಹಳ ಜನರಲ್ಲಿ ಗೋಧಿಯದು. ಹೀಗೆ ಅನ್ನ, ಸಾರು, ಪಲ್ಯ, ಮಜ್ಜಿಗೆ ಇಷ್ಟೇ ಇರುವ, ನೋಡಿದರೆ ಯಾವ ಭಯವೂ ಇಲ್ಲದ ಎಲೆಯ ಮೇಲೆ ಗೋಧಿ ಒಗ್ಗರಣೆಯಲ್ಲಿ ಬಂದು ಕೂತಿರುತ್ತದೆ. ಉಪ್ಪಿನಕಾಯಿಯಲ್ಲೂ ಇದೆ, ಸಾರಿನ ಪುಡಿಯಲ್ಲೂ ಇದೆ, ಹಪ್ಪಳದಲ್ಲೂ ಇದೆ. ಚಿಟಿಕೆ ಇಂಗಿಗೆ ಇಷ್ಟು ರಂಪವೇ ಎನ್ನುವವರಿಗೆ ನಾನು ಮಂಡಿಯ ಲೆಕ್ಕ ಹೇಳುತ್ತೇನೆ. ಗ್ಲುಟೆನ್ ಇಲ್ಲ ಎಂದು ಮುದ್ರೆ ಹಾಕಬೇಕಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಅಂದರೆ ಒಂದು ಕ್ವಿಂಟಾಲಿಗೆ 2 ಗ್ರಾಂ. ಹೆಚ್ಚು ಕಡಿಮೆ ಅಷ್ಟು ಗ್ಲುಟೆನ್ ಒಂದೇ ಒಂದು ಬ್ರೆಡ್ ತುಂಡಿನಲ್ಲಿರುತ್ತದೆ. ಕ್ವಿಂಟಾಲು ಎಂದ ಮೇಲೆ ನಮ್ಮ ಮಂಡಿಯವರಿಗೆ ಅರ್ಥವಾಗುತ್ತದೆ. ಮಿಲಿಗ್ರಾಂ ಅಂದರೆ ನಗುತ್ತಾರೆ.

ಸತ್ಯನಾರಾಯಣ ಪೂಜೆಯ ದಿನ ಬಂದ ಇಕ್ಕಟ್ಟು ಮಾತ್ರ ಲೆಕ್ಕಕ್ಕೆ ಬಗ್ಗುವಂಥದ್ದಲ್ಲ. ತಂಗಿಯ ಬೀದಿಯಲ್ಲಿ ಗೃಹಪ್ರವೇಶ. ಪ್ರಸಾದ ಗೋಧಿ ರವೆಯ ಸಜ್ಜಿಗೆ. ಹುಡುಗಿ ಕಥೆಯನ್ನು ಮನಸ್ಸಿಟ್ಟು ಕೇಳಿದ್ದಳು. ಗಂಡ ಬಂದನೆಂಬ ಆತುರಕ್ಕೆ ಕಲಾವತಿ ಪ್ರಸಾದ ಸ್ವೀಕರಿಸದೆ ಓಡಿದಳು, ಗಂಡನ ಸಮೇತ ದೋಣಿ ಮುಳುಗಿತು. ತುಂಗಧ್ವಜ ರಾಜ ಗೊಲ್ಲರು ಕೊಟ್ಟ ಪ್ರಸಾದ ಬಿಟ್ಟು ಹೋದ, ನೂರು ಮಕ್ಕಳೂ ರಾಜ್ಯವೂ ಹೋಯಿತು. ಸೀಲಿಯಾಕ್ ಕಾಯಿಲೆಗೆ ಆ ಕಥೆಯಲ್ಲಿ ರಿಯಾಯಿತಿ ಇರುವ ಹಾಗೆ ಕಾಣಲಿಲ್ಲ. ತಿಂದರೆ ಕರುಳು, ಬಿಟ್ಟರೆ ದೋಣಿ. ಹುಡುಗಿ ದೊನ್ನೆ ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ಪುರೋಹಿತರ ಮುಖ ನೋಡಿದೆ. ವಿಷಯ ತಿಳಿದ ಆ ಪುಣ್ಯಾತ್ಮರು ನಕ್ಕು, “ಅಲ್ರೀ, ಕಥೆಯೊಳಗೇ ಐತಲ್ಲ! ಗೋಧಿ ಇಲ್ಲದಿದ್ರೆ ಅಕ್ಕಿ ಹಿಟ್ಟು ಆಗ್ತದೆ ಅಂತ ಮೊದಲ್ನೇ ಅಧ್ಯಾಯದಾಗೇ ಹೇಳೇತೆ. ಯಾರೂ ಕಿವಿಗೆ ಹಾಕ್ಕೊಳ್ಳಲ್ಲ ಅಷ್ಟೆ” ಎಂದರು. ಇದೆ, ನಿಜ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ರೋಮನ್ ಕ್ಯಾಥೊಲಿಕರ ಪ್ರಸಾದದ ರೊಟ್ಟಿಗೆ ಗೋಧಿ ಇರಲೇಬೇಕಂತೆ. ಗ್ಲುಟೆನ್ ತೀರಾ ಕಡಿಮೆ ಮಾಡಿದ್ದು ಆಗುತ್ತದೆ, ಪೂರ್ತಿ ಇಲ್ಲದ್ದು ಆಗದು ಎಂದು 2017ರಲ್ಲೂ ಮತ್ತೊಮ್ಮೆ ಹೇಳಿದ್ದಾರೆ. ಸತ್ಯನಾರಾಯಣ ಈ ವಿಷಯದಲ್ಲಿ ಉದಾರಿ. ಈಗ ಆ ಬೀದಿಯಲ್ಲಿ ಪೂಜೆಯಾದರೆ ಒಂದು ಸಣ್ಣ ಪಾತ್ರೆಯಲ್ಲಿ ಅಕ್ಕಿ ತರಿಯ ಸಜ್ಜಿಗೆ ಬೇರೆ ಮಾಡುತ್ತಾರೆ. ಅದು ಚೆನ್ನಾಗಿರುತ್ತದೆಂದು ಬೇರೆಯವರೂ ಕೈಯೊಡ್ಡಿ, ಹುಡುಗಿಗೆ ಉಳಿಯುವುದೇ ಕಷ್ಟವಾಗಿದೆ.

ಹೀಗೆ ದೇವರು ಬಗ್ಗಿದ. ಬಗ್ಗದವರು ನೆಂಟರು. “ಸ್ವಲ್ಪ ತಿಂದ್ರೆ ಏನಾಗಲ್ಲ ಬಿಡವ್ವ” ಎಂಬ ಮಾತಿನಷ್ಟು ಕರುಳಿಗೆ ಕೇಡು ಮಾಡಿದ್ದು ಗೋಧಿಯೂ ಇರಲಾರದು. ಹೋಳಿಗೆ ಬಡಿಸುವ ಅತ್ತೆಯ ಕೈಯನ್ನು ತಡೆಯುವುದು ನಮ್ಮಲ್ಲಿ ಸಾಮಾನ್ಯ ಕೆಲಸವಲ್ಲ. ಬೇಡ ಎಂದರೆ ಸಂಕೋಚ ಎಂದು ತಿಳಿಯುತ್ತಾರೆ. ಎರಡನೇ ಸಲ ಬೇಡ ಎಂದರೆ ಕೋಪ ಎಂದು ತಿಳಿಯುತ್ತಾರೆ. ಮೂರನೇ ಸಲಕ್ಕೆ ಎಲೆಯ ಮೇಲೆ ಹೋಳಿಗೆ ಬಿದ್ದೇ ಇರುತ್ತದೆ, ಮೇಲೆ ತುಪ್ಪವೂ. ಹೂರಣ ತಿಂದು ಕಣಕ ಬಿಡು ಎಂದು ಉಪಾಯ ಹೇಳುವವರೂ ಇದ್ದಾರೆ. ತಿಂದ ರಾತ್ರಿಯೇ ಒದ್ದಾಡಿದರೆ ನಂಬುತ್ತಿದ್ದರೋ ಏನೋ. ಈ ಕಾಯಿಲೆ ಕೆಲವೊಮ್ಮೆ ಏನೂ ತೋರಿಸಿಕೊಳ್ಳದೆ ಒಳಗೊಳಗೇ ಕೆಲಸ ಮಾಡುತ್ತದೆ. “ನೋಡಿದ್ಯಾ, ಏನೂ ಆಗಲಿಲ್ಲ” ಎಂದು ಅವರು ಗೆಲ್ಲುತ್ತಾರೆ.

ಇದಕ್ಕೆ ದಾರಿ ತೋರಿಸಿದ್ದು ನಮ್ಮ ಸುತ್ತಲಿನ ಹಟ್ಟಿಗಳು. ಮ್ಯಾಸಬೇಡ ಸಮುದಾಯದವರ ಹಟ್ಟಿಗಳಲ್ಲಿ ತಲೆತಲಾಂತರದಿಂದ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ಕುರಿ, ಮೇಕೆ ಆದೀತು, ಕೋಳಿ ಇಲ್ಲ. ಅವರನ್ನು ಊಟಕ್ಕೆ ಕರೆದ ಯಾರೂ ಇವತ್ತಿನವರೆಗೆ, “ಸ್ವಲ್ಪ ಕೋಳಿಸಾರು ಹಾಕ್ಕೊಳ್ರಿ, ಏನಾಗಲ್ಲ” ಎಂದದ್ದನ್ನು ನಾನು ಕೇಳಿಲ್ಲ. ಕೋಳಿ ಬೇಯಿಸಿದ ಪಾತ್ರೆ ಯಾವುದು, ಸೌಟು ಯಾವುದು ಎಂದು ಕರೆದವರೇ ಎಚ್ಚರ ವಹಿಸುತ್ತಾರೆ. ಪಾತ್ರೆ ಬೇರೆ, ಸೌಟು ಬೇರೆ, ಕೈ ತೊಳೆದು ಬಡಿಸು: ಬೆಂಗಳೂರಿನ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹೆಣ್ಣುಮಗಳು ಒಂದು ಗಂಟೆ ಕೂರಿಸಿಕೊಂಡು ಕಲಿಸಿದ ಪಾಠ ನಮ್ಮ ಸೀಮೆಯಲ್ಲಿ ಹಟ್ಟಿಯ ಮಕ್ಕಳಿಗೂ ಬರುತ್ತದೆ. ತಂಗಿ ಇದನ್ನು ನನಗಿಂತ ಬೇಗ ಅರಿತಳು. ಕಾಯಿಲೆಯ ಹೆಸರು, ಕರುಳು, ಪರೀಕ್ಷೆ ಎಂದೆಲ್ಲ ವಿವರಿಸುವುದನ್ನು ಬಿಟ್ಟು, “ನಮ್ಮ ಹುಡುಗಿಗೆ ಗೋಧಿ ಆಗಿಬರಲ್ಲ, ಮುಟ್ಟಂಗಿಲ್ಲ” ಎಂದಷ್ಟೇ ಗಂಭೀರವಾಗಿ ಹೇಳತೊಡಗಿದಳು. ಕೇಳಿದವರು ತಕ್ಷಣ ಹೋಳಿಗೆ ತಟ್ಟೆ ಹಿಂದಕ್ಕೆ ತೆಗೆದರು. ಯಾವ ದೇವರದು ಎಂದು ಒಬ್ಬರೂ ಕೇಳಲಿಲ್ಲ.

ಹುಡುಗಿಯೂ ಗಟ್ಟಿಗಿತ್ತಿಯಾದಳು. ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬವೆಂದು ಕೇಕು ಹಂಚಿದರೆ ತನ್ನ ಚೀಲದಿಂದ ಶೇಂಗಾ ಚಿಕ್ಕಿ ತೆಗೆಯುತ್ತಾಳೆ. ಕೇಕು ತಿಂದವರು ಚಿಕ್ಕಿಗೂ ಬರುತ್ತಾರೆ. ಹಬ್ಬಕ್ಕೆ ಅವಳಿಗೆ ನವಣೆ ತಂಬಿಟ್ಟು, ಅಕ್ಕಿ ಹಿಟ್ಟಿನ ಕಡುಬು. ವರ್ಷದೊಳಗೆ ಕೆನ್ನೆ ತುಂಬಿತು, ಲಂಗ ಗಿಡ್ಡವಾಯಿತು. ಹೊಲಿಗೆ ಬಿಚ್ಚಿ ಬಿಚ್ಚಿ ಉದ್ದ ಮಾಡುವಾಗ ತಂಗಿ ಬಟ್ಟೆ ಖರ್ಚೆಂದು ಗೊಣಗುತ್ತಾಳೆ. ಅಷ್ಟು ಸಂತೋಷದ ಗೊಣಗು ನಾನು ಕೇಳಿಲ್ಲ.

ಅಷ್ಟರಲ್ಲಿ ಆ ಐವತ್ತು ಮಂದಿಯಲ್ಲಿ ಇನ್ನೊಬ್ಬ ಸಿಕ್ಕ. ನಮ್ಮ ಮೊಳಕಾಲ್ಮೂರು ತಾಲೂಕಿನ ಹಾನಗಲ್ ಕಡೆಯ ಹುಡುಗ. ಅವನ ತಾಯಿ ಯಾರಿಂದಲೋ ನಂಬರು ಪಡೆದು ತಂಗಿಗೆ ಫೋನು ಮಾಡಿದಳು. ಡಾಕ್ಟರು ಕೊಟ್ಟ ಪಟ್ಟಿಯಲ್ಲಿ ಕ್ವಿನೋವಾ, ಓಟ್ಸು ಮುಂತಾಗಿ ಏನೇನೋ ಇದ್ದವು. ಚಳ್ಳಕೆರೆಯ ಅಂಗಡಿಗಳನ್ನೆಲ್ಲ ಸುತ್ತಿ, ಅವುಗಳ ಬೆಲೆ ಕೇಳಿ ಅಳುತ್ತಿದ್ದಳು. ತಂಗಿ ಫೋನಿನಲ್ಲಿ ಕೇಳಿದ್ದು ಒಂದೇ: “ಅಕ್ಕಾ, ನಿಮ್ಮತ್ತೆ ಏನುಣ್ತಿದ್ರು?” ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಮುದ್ದೆ, ನವಣೆ ಅನ್ನ, ಹುಳ್ಳಿಕಾಳು.” “ಅದ್ನೇ ಹಾಕ್ರಿ. ಹಿಟ್ಟು ಎಲ್ಲಿ ಬೀಸ್ತೀರಿ ಹೇಳ್ರಿ ಈಗ.” ಗಿರಣಿಯ ಉಪಾಯದಿಂದ ಹಿಡಿದು ಇಂಗಿನವರೆಗೆ ಆ ಮಾತು ಬಹಳ ಹೊತ್ತು ನಡೆಯಿತು. ಓಟ್ಸಿನಲ್ಲಿ ಗ್ಲುಟೆನ್ ಇಲ್ಲದಿದ್ದರೂ ಗೋಧಿಯ ಜೊತೆಗೇ ಬೆಳೆದು ಬೀಸಿದ್ದಾದರೆ ಉಪಯೋಗವಿಲ್ಲ ಎಂದೂ ಹೇಳಿಕೊಟ್ಟಳು. ಎಸೆಸ್ಸೆಲ್ಸಿ ಮುಗಿಸದ ನನ್ನ ತಂಗಿ ಈಗ ಫೋನು ಹಿಡಿದರೆ ಅರ್ಧ ಡಾಕ್ಟರು. ಔಷಧದ ಮಾತು ಬಂದರೆ ಮಾತ್ರ, “ಅದ್ನ ಡಾಕ್ಟ್ರನ್ನೇ ಕೇಳ್ರಿ” ಎಂದು ಕಟ್ಟುನಿಟ್ಟಾಗಿ ಹೇಳುತ್ತಾಳೆ. ಅರ್ಧ ಡಾಕ್ಟರಾದವರಿಗೆ ಇರಬೇಕಾದ ಗುಣ ಅದೇ.

ಹೀಗೆ ದೂರದವರ ಆರೋಗ್ಯ ವಿಚಾರಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದ್ದು. ಸುವರ್ಣಗಿರಿಯಿಂದ ಇಸಿಲವೆಂಬ ಊರಿನ ಅಧಿಕಾರಿಗಳಿಗೆ ಹೊರಟ ರಾಜಾಜ್ಞೆ ಅದು. ಆಜ್ಞೆಗೆ ಮೊದಲು ಅದರಲ್ಲಿರುವುದು ಅಲ್ಲಿನವರ ಆರೋಗ್ಯ ವಿಚಾರಿಸಬೇಕೆಂಬ ಮಾತು. ನಮ್ಮ ಸೀಮೆಯಲ್ಲಿ ಸಿಕ್ಕ ಅತ್ಯಂತ ಹಳೆಯ ಬರಹ ಹಾಗೆ ಶುರುವಾಗುತ್ತದೆ. ಊಟದ ಬಗ್ಗೆ ಬಲವಂತ ಮಾಡಿ ಎಂದು ಅದರಲ್ಲಿ ಎಲ್ಲೂ ಇಲ್ಲ. ಬಂಡೆಯ ಮುಂದೆ ನಿಂತು ಹುಡುಗಿಗೆ ಇದನ್ನು ಹೇಳಿದರೆ, “ಮಾವ, ಬಾ, ಬಿಸಿಲು” ಎಂದು ಎಳೆದುಕೊಂಡು ಹೋದಳು.

ಓದುವವರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಎಷ್ಟು ಟಾನಿಕ್ಕು ಕುಡಿದರೂ ರಕ್ತ ಏರದ, ವಯಸ್ಸಿಗೆ ತಕ್ಕ ಎತ್ತರ ಬಾರದ ಮಗುವಿದ್ದರೆ, ಸೀಲಿಯಾಕಿನ ರಕ್ತ ಪರೀಕ್ಷೆ ಮಾಡಬಹುದೇ ಎಂದು ಡಾಕ್ಟರನ್ನು ಒಂದು ಸಲ ಕೇಳಿ. ಇದನ್ನು ಓದಿ ನೀವಾಗಿಯೇ ಗೋಧಿ ಬಿಡಿಸಿ ಆಮೇಲೆ ಪರೀಕ್ಷೆಗೆ ಹೋಗಬೇಡಿ. ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ಇರುವ ಕಾಯಿಲೆಯೂ ಕಾಣದೆ ಹೋಗಬಹುದು. ಒಬ್ಬರಿಗೆ ಇದೆಯೆಂದು ಗೊತ್ತಾದರೆ ಅವರ ಒಡಹುಟ್ಟಿದವರನ್ನೂ ತಂದೆ ತಾಯಿಯನ್ನೂ ಪರೀಕ್ಷೆ ಮಾಡಿಸಿ. ನಮ್ಮ ಎರಡು ತಾಲೂಕಿನ ಲೆಕ್ಕದಲ್ಲಿ ಇನ್ನೂ ನಲವತ್ತೆಂಟು ಮಂದಿ ಬಾಕಿ ಇದ್ದಾರೆ.